ಸ್ಪೀಕರ್‌ನಲ್ಲಿ ಗುಂಯ್, ಮೌಸ್ ಆಡಿಸಿದರೆ ಕೀಂಯ್: ಹೊಸ ಸೌಂಡ್ ಕಾರ್ಡ್ ತಗೊಳ್ಳಬೇಕಾ?

ನಿಮ್ಮ ಪ್ರಶ್ನೆಯಲ್ಲಿ ಇರುವುದು ಇಷ್ಟು. ಕಾರವಾರದಲ್ಲಿ ಹಳೇ ಮನೆ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ ಒಂದು ಜೊತೆ ಸಣ್ಣ ಸ್ಪೀಕರ್, ಕ್ಯಾಬಿನೆಟ್ಟಿನ ಮುಂದಿನ ಜಾಕ್‌ಗೆ ಚುಚ್ಚುವ ಅಗ್ಗದ ಮೈಕ್. ಸ್ಪೀಕರ್ ಹಾಕಿದರೆ ಹಿಂದೆ ಸದಾ ಗುಂಯ್ ಅನ್ನುತ್ತದೆ, ಮೌಸ್ ಆಡಿಸಿದರೆ ಕೀಂಯ್ ಅನ್ನುತ್ತದೆ. ಅಪ್ಪನ ತಾಳಮದ್ದಳೆ ಅರ್ಥ ರೆಕಾರ್ಡ್ ಮಾಡಿದರೆ ಮಾತಿಗಿಂತ ಗುಂಯ್ ಜಾಸ್ತಿ. ಸೌಂಡ್ ಕಾರ್ಡ್ ಬದಲಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ನಾನು ಕುಮಟಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಈ ದೂರು ತಂದವರಲ್ಲಿ ಸೌಂಡ್ ಕಾರ್ಡೇ ಕೆಟ್ಟಿದ್ದು ತೀರಾ ಅಪರೂಪ. ನಿಮಗೆ ಬರುತ್ತಿರುವುದು ಒಂದು ಗಲಾಟೆ ಅಲ್ಲ, ಎರಡು. ಅವು ಬರುವ ದಾರಿಯೂ ಬೇರೆ, ಮದ್ದೂ ಬೇರೆ. ಎರಡನ್ನೂ ಸೇರಿಸಿ ಹುಡುಕಲು ಹೋದರೆ ಯಾವುದೂ ಸಿಗುವುದಿಲ್ಲ.

ಮೊದಲು ಕೀಂಯ್ ಅನ್ನುವುದನ್ನು ನೋಡಿ, ಅದು ಸುಲಭ. ಮೌಸ್ ಆಡಿಸಿದಾಗ, ಪುಟ ಸ್ಕ್ರೋಲ್ ಮಾಡಿದಾಗ, ಗೇಮ್ ತೆರೆದಾಗ ಸದ್ದು ಬದಲಾಗುತ್ತದೆ ಅಂದರೆ ಅದು ಕಂಪ್ಯೂಟರ್ ಒಳಗಿನದೇ ಸದ್ದು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟ್ ಗಳಿಗೆಗೊಮ್ಮೆ ಏರಿಳಿಯುತ್ತದೆ, ಅದು ಆಡಿಯೋ ವೈರಿಗೂ ತಗುಲುತ್ತದೆ. ಮುಂದಿನ ಜಾಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ವೈರ್ ಕ್ಯಾಬಿನೆಟ್ ಒಳಗೆ ಎಲ್ಲದರ ಪಕ್ಕದಲ್ಲೇ ಹಾದು ಹೋಗುತ್ತದೆ. ಅಗ್ಗದ ಕ್ಯಾಬಿನೆಟ್‌ನಲ್ಲಿ ಅದಕ್ಕೆ ಸರಿಯಾದ ಶೀಲ್ಡ್ (ಗಲಾಟೆ ತಡೆಯುವ ಲೋಹದ ಹೊದಿಕೆ) ಕೂಡ ಇರುವುದಿಲ್ಲ. ಹಾಗಾಗಿ ಸ್ಪೀಕರನ್ನು ಹಿಂದಿನ ಹಸಿರು ಜಾಕ್‌ಗೆ, ಮೈಕನ್ನು ಹಿಂದಿನ ಗುಲಾಬಿ ಜಾಕ್‌ಗೆ ಹಾಕಿ ನೋಡಿ. ಖರ್ಚಿಲ್ಲದ ಕೆಲಸ.

ಆಮೇಲೆ ಸ್ಪೀಕರ್‌ನ ಯುಎಸ್‌ಬಿ. ನನ್ನ ಗುಮಾನಿ ಇದರ ಮೇಲೇ ಜಾಸ್ತಿ. ನಿಮ್ಮ ಸ್ಪೀಕರ್ ಅದೇ ಕಂಪ್ಯೂಟರ್‌ನಿಂದ 5 ವೋಲ್ಟ್ ಕರೆಂಟನ್ನೂ ತಗೊಳ್ಳುತ್ತಿದೆ, ಹಾಡನ್ನೂ ತಗೊಳ್ಳುತ್ತಿದೆ. ಎರಡು ವೈರಿನ ಗ್ರೌಂಡೂ (ಕರೆಂಟ್ ವಾಪಸ್ ಹೋಗುವ ತಂತಿ) ಎರಡೂ ತುದಿಯಲ್ಲಿ ಕೂಡಿಕೊಂಡು ಒಂದು ಸುತ್ತು ಆಗುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುತ್ತಾರೆ. ಸ್ಪೀಕರ್ ಎಳೆಯುವ ಕರೆಂಟ್ ವಾಪಸ್ ಬರುವಾಗ ಒಂದು ಪಾಲು ಆಡಿಯೋ ವೈರಿನ ಗ್ರೌಂಡಿನಲ್ಲೂ ಹರಿಯುತ್ತದೆ. ಅಲ್ಲಿ ಹುಟ್ಟುವ ಚೂರು ವೋಲ್ಟೇಜನ್ನು ಸ್ಪೀಕರ್ ಹಾಡು ಅಂದುಕೊಂಡು ದೊಡ್ಡದು ಮಾಡುತ್ತದೆ. ಆಡಿಯೋ ಪಿನ್ ಕಂಪ್ಯೂಟರ್‌ನಲ್ಲೇ ಇರಲಿ, ಯುಎಸ್‌ಬಿಯನ್ನು ಮಾತ್ರ ತೆಗೆದು ಒಂದು ಪವರ್ ಬ್ಯಾಂಕ್‌ಗೆ ಹಾಕಿ ನೋಡಿ. ಕೀಂಯ್ ಪೂರ್ತಿ ನಿಂತರೆ ಕಾರಣ ಇದೇ. ಮುಂದಕ್ಕೆ ಒಂದು ಒಳ್ಳೇ ಮೊಬೈಲ್ ಚಾರ್ಜರ್‌ನಿಂದ ಸ್ಪೀಕರ್‌ಗೆ ಕರೆಂಟ್ ಕೊಡಿ. ಫುಟ್‌ಪಾತ್ ಚಾರ್ಜರ್ ಬೇಡ, ಅದು ತನ್ನದೇ ಬೇರೆ ರಾಗ ತೆಗೆಯುತ್ತದೆ.

ಈಗ ಗುಂಯ್. ಇದು ಮನೆಯ ಕರೆಂಟಿನದು. ನಮ್ಮಲ್ಲಿ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಅದು 50ರಲ್ಲೋ 100ರಲ್ಲೋ ಗುಂಯ್‌ಗುಡುತ್ತದೆ. ಒಂದು ಪ್ರಶ್ನೆ: ಮಳೆಗಾಲದಲ್ಲಿ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂದಿನ ತಗಡು ಮುಟ್ಟಿದರೆ ಬೆರಳು ಜುಂ ಅನ್ನುತ್ತಾ? ಹೌದು ಅಂತಾದರೆ ನಿಮ್ಮ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲ ಅಂತಲೇ ಹಿಡಿಯಬಹುದು. ಕಂಪ್ಯೂಟರ್‌ನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಹೊಂದಿಸುವ ಡಬ್ಬಿ) ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ತಗಡಿಗೆ ಜೋಡಿಸಿರುತ್ತಾರೆ. ಒಳಗಿನ ಗಲಾಟೆಯನ್ನು ಅರ್ಥ್‌ಗೆ ಇಳಿಸಲಿ ಅಂತ. ಅರ್ಥ್ ಇಲ್ಲದಿದ್ದರೆ ತಗಡು ಫೇಸ್, ನ್ಯೂಟ್ರಲ್ ಎರಡರ ನಡುವೆ ನಿಲ್ಲುತ್ತದೆ, ಸುಮಾರು ಅರ್ಧ ವೋಲ್ಟೇಜ್, ಅಂದರೆ 115ರ ಆಸುಪಾಸು. ಕರೆಂಟ್ ತೀರಾ ಕಮ್ಮಿ, ಅದಕ್ಕೇ ಬರೀ ಜುಂ. ಆದರೆ ಆ ತಗಡೇ ನಿಮ್ಮ ಆಡಿಯೋಕ್ಕೂ ಗ್ರೌಂಡ್. ಮೈಕಿನ ವೈರ್ ಮುಟ್ಟಿದಾಗ ಗುಂಯ್ ಜಾಸ್ತಿಯೋ ಕಮ್ಮಿಯೋ ಆಗುವುದು ಇದರಿಂದಲೇ.

ನಮ್ಮ ಕರಾವಳಿಯ ಹಳೇ ಮನೆಗಳಲ್ಲಿ ಇದು ಮಾಮೂಲು. ಬೋರ್ಡಿನಲ್ಲಿ ಮೂರು ತೂತು ಇರುತ್ತವೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ವೈರ್ ಇದ್ದರೂ ಹಿತ್ತಲಿನ ಅರ್ಥ್ ಪೈಪು ಉಪ್ಪುಗಾಳಿಗೆ, ನೀರಿಗೆ ತುಕ್ಕು ಹಿಡಿದು ಕ್ಲ್ಯಾಂಪೇ ಉದುರಿರುತ್ತದೆ. ಮೇಲಾಗಿ ನಮ್ಮದು ಚಿರೇಕಲ್ಲಿನ ನೆಲ. ಮಳೆಗಾಲದಲ್ಲಿ ಹೇಗೋ ನಡೆಯುತ್ತದೆ, ಏಪ್ರಿಲ್-ಮೇ ಹೊತ್ತಿಗೆ ಒಣಗಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರು ಹೊಯ್ಯಿರಿ ಅಂತ ಹಳೇ ವೈರ್‌ಮನ್‌ಗಳು ಹೇಳುತ್ತಿದ್ದುದು ಸುಮ್ನೆ ಅಲ್ಲ.

ಹಾಗಾಗಿ ಒಬ್ಬ ವೈರ್‌ಮನ್ ಕರೆಸಿ. ಫೇಸ್-ನ್ಯೂಟ್ರಲ್ ಎಷ್ಟು, ಫೇಸ್-ಅರ್ಥ್ ಎಷ್ಟು ಅಂತ ಅಳೆಯಲು ಹೇಳಿ. ಎರಡೂ ಹತ್ತಿರ ಹತ್ತಿರ ಒಂದೇ ಬರಬೇಕು, ನ್ಯೂಟ್ರಲ್-ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಮೀಟರ್ ಒಂದರ ಮೇಲೇ ನಂಬಿಕೆ ಬೇಡ, ಡಿಜಿಟಲ್ ಮೀಟರ್ ಕಡಿದ ವೈರಿನಲ್ಲೂ ಏನೋ ಒಂದು ಸಂಖ್ಯೆ ತೋರಿಸುತ್ತದೆ. ಗುಂಡಿಯವರೆಗೂ ಹೋಗಿ ಕ್ಲ್ಯಾಂಪ್ ನೋಡಲಿ. ಕೆಲವರು ಬೋರ್ಡಿನೊಳಗೇ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸಿ “ಆಯ್ತು ಮಾರಾಯ್ರೇ” ಅಂದುಬಿಡುತ್ತಾರೆ. ಅದಕ್ಕೆ ಖಂಡಿತ ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ಕಡಿದರೆ ಕ್ಯಾಬಿನೆಟ್ಟಿನ ತಗಡಿಗೆ ನೇರ 230 ಬರುತ್ತದೆ. ಗುಂಯ್ ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಕೂಡ ಇದೇ ಜಾತಿಯ ಕೆಲಸ. ಎರಡು ಪಿನ್ನಿನ ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನೂ ತೆಗೆದುಬಿಡಿ.

ಅರ್ಥ್ ಸರಿ ಇದ್ದೂ ಗುಂಯ್ ಅಂದರೆ ಟಿವಿ ಕಡೆ ನೋಡಿ. ಕಂಪ್ಯೂಟರ್‌ನಿಂದ ಟಿವಿಗೆ ಎಚ್‌ಡಿಎಂಐ ವೈರ್ ಹೋಗಿದ್ದು, ಟಿವಿ ಕಡೆ ಕೇಬಲ್ ವೈರ್ ಬಂದಿದ್ದರೆ ಆ ಕೇಬಲ್‌ನ ಹೊರಬಲೆ ಬೇರೆಲ್ಲೋ ಅರ್ಥ್ ಆಗಿರುತ್ತದೆ. ಕೇಬಲ್ ಪಿನ್ ಕಿತ್ತು ನೋಡಿ, ತಕ್ಷಣ ಗೊತ್ತಾಗುತ್ತದೆ. ಇಂಟರ್ನೆಟ್‌ನ ಲ್ಯಾನ್ ವೈರ್ ಮೇಲೆ ಸಂಶಯ ಬೇಡ, ಅದರ ಪೋರ್ಟಿನಲ್ಲೇ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಇಂಥ ಲೂಪಿಗೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಸಣ್ಣ ಡಬ್ಬಿ ಸಿಗುತ್ತದೆ, ಅದರಲ್ಲಿರುವುದೂ ಟ್ರಾನ್ಸ್‌ಫಾರ್ಮರೇ. ಕೆಲಸ ಮಾಡುತ್ತದೆ. ಅಗ್ಗದ್ದಾದರೆ ಮದ್ದಳೆಯ ದಪ್ಪ ನಾದ ಸ್ವಲ್ಪ ತೆಳ್ಳಗಾಗಬಹುದು.

ಮೈಕಿಗೆ ಬರೋಣ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್ರೊಫೋನ್ ಬೂಸ್ಟ್ (ಮೈಕಿನ ಸದ್ದನ್ನು ದೊಡ್ಡದು ಮಾಡುವ ಸೆಟ್ಟಿಂಗ್) 30 ಡೆಸಿಬೆಲ್ ಇದ್ದರೆ 10ಕ್ಕೆ ಇಳಿಸಿ, ಮೈಕನ್ನು ಅಪ್ಪನ ಬಾಯಿಯ ಹತ್ತಿರ ತನ್ನಿ. ದೂರ ಅರ್ಧವಾದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಗುಂಯ್ ಇದ್ದಷ್ಟೇ ಇರುತ್ತದೆ. ಬಾಯಿಗೆ ನೇರ ಬೇಡ, ಚೂರು ಪಕ್ಕಕ್ಕೆ ಇಡಿ. ರೆಕಾರ್ಡ್ ಮಾಡುವಾಗ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಪೂರ್ತಿ ಐದಕ್ಕೋ ಸೊನ್ನೆಗೋ ಇರಲಿ. ಗುಂಡಿ ತಿರುಗಿಸುವ ಜಾತಿಯದು ನಡುವೆ ಇದ್ದರೆ ಕರೆಂಟಿನ ಅಲೆಯನ್ನು ಕತ್ತರಿಸಿ ಬಿಡುತ್ತದೆ, ಅದು ಮೈಕಿನಲ್ಲಿ ಜರ್ರ್ ಅಂತ ಕೇಳುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಇದ್ದಾಗಲೂ ಹಾಗೇ, ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಆ ಹೊತ್ತಿನಲ್ಲಿ ರೆಕಾರ್ಡಿಂಗ್ ಬೇಡ. ಮೊಬೈಲ್ ಮೈಕಿನಿಂದ ದೂರ ಇರಲಿ.

ಇನ್ನೊಂದು, ಕಾರವಾರದವರಾದ್ದರಿಂದ ಹೇಳುತ್ತೇನೆ. ಮೈಕಿನ 3.5 ಮಿಲಿಮೀಟರ್ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಉಂಗುರಗಳ ಅಂಚಿನಲ್ಲಿ ಹಸಿರು ಪುಡಿ ಕೂತಿದೆಯಾ? ಸಮುದ್ರದ ಗಾಳಿಗೆ ಹಿತ್ತಾಳೆ ಕಿಲುಬು ಹಿಡಿದಿರುವುದು ಅದು. ಗ್ರೌಂಡ್ ಆಗುವ, ವೈರಿನ ಕಡೆಯ ಕೊನೇ ಲೋಹದ ಭಾಗದಲ್ಲಿ ಕಿಲುಬು ಇದ್ದರೆ ಗ್ರೌಂಡ್ ಹಿಡಿದೂ ಹಿಡಿಯದ ಹಾಗೆ ಆಗಿ, ಉಳಿದದ್ದು ಎಷ್ಟೇ ಸರಿ ಮಾಡಿದರೂ ಗುಂಯ್ ಹೋಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಬಟ್ಟೆಯಲ್ಲಿ ಒರೆಸಿ. ಜಾಕ್ ಒಳಗೆ ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ ಹಾಕಿ, ತಿರುಗಿಸಿ, ತೆಗೆಯಿರಿ. ಕಂಪ್ಯೂಟರ್ ಬಂದ್ ಇರಲಿ. ಉಪ್ಪುಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಹಸಿರಾಗುತ್ತದೆ.

ಇಷ್ಟಾದ ಮೇಲೂ ಉಳಿದರೆ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಯಾರೂ ಮಾತಾಡದ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಅನಲೈಸ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ. 50, 100, 150 ಹರ್ಟ್ಸ್‌ನಲ್ಲಿ ಕೋಡು ಎದ್ದರೆ ಇನ್ನೂ ಮನೆಯ ಕರೆಂಟೇ. 1000, 2000, 3000ರಲ್ಲಿ ಎದ್ದರೆ ಯುಎಸ್‌ಬಿ, ಯಾಕೆಂದರೆ ಅದು ಸೆಕೆಂಡಿಗೆ ಸಾವಿರ ಸಲ ಡೇಟಾ ಕಳಿಸುವ ಲೆಕ್ಕ ಇಟ್ಟುಕೊಂಡಿರುತ್ತದೆ. ಕೋಡೇ ಇಲ್ಲದೆ ಉದ್ದಕ್ಕೂ ಒಂದೇ ಸಮ ಹಾಸಿಕೊಂಡಿದ್ದರೆ ಅದು ಮೈಕಿನದೋ ಸೌಂಡ್ ಕಾರ್ಡಿನದೋ ಸ್ವಂತ ಸುಸ್ಸ್. ಹೊಸದು ತಗೊಳ್ಳುವುದಾದರೆ ಆಗ ತಗೊಳ್ಳಿ. ಆ ಚಿತ್ರ ತೆಗೆದು ಇಲ್ಲೇ ಹಾಕಿದರೆ ಯಾವುದು ಅಂತ ನೋಡಿ ಹೇಳುತ್ತೇನೆ. ಪವರ್ ಬ್ಯಾಂಕ್ ಪರೀಕ್ಷೆಯಲ್ಲಿ ಏನಾಯಿತು ಅಂತಲೂ ಬರೆಯಿರಿ.