ಕರ್ಮದ ಮಾತು ಆಮೇಲೆ, ಮೊದಲು ಬೆರಳು ತೋರಿಸಿ

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೊದಲ ಸಲ ಅಳು ಬಂತು. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಹೆದರಿಕೆಯಾಯಿತು. ಮಿಕ್ಕ ಕಾಗದಗಳನ್ನೆಲ್ಲ ಮುಂದಿನ ವಾರಕ್ಕೆ ಎತ್ತಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಬರೆದವರು ಸುಂಟಿಕೊಪ್ಪದ ಹತ್ತಿರದ ಒಂದು ಹಳ್ಳಿಯವರು. ವಯಸ್ಸು 33. ಹೆಸರು ಹಾಕಬೇಡಿ ಅಂದಿದ್ದಾರೆ. ಕಾಲೇಜಿನಲ್ಲಿದ್ದಾಗ, 19ನೇ ವಯಸ್ಸಿಗೆ, ಮೊಣಕೈ ಮೇಲೆ ಸೋರಿಯಾಸಿಸ್ ಶುರುವಾಯಿತು. ಆಮೇಲೆ ಮೊಣಕಾಲಿಗೆ, ತಲೆಗೆ ಬಂತು. 26ಕ್ಕೆ ಮದುವೆಯಾಗಿ ಕಾಫಿ ತೋಟದ ಮನೆಗೆ ಬಂದರು. ಗಂಡ, ಅತ್ತೆ, ಒಬ್ಬ ಮಗ. ಎರಡು ವರ್ಷದ ಹಿಂದೆ ಕುಶಾಲನಗರದಲ್ಲಿ ಒಬ್ಬರು ಅಕ್ಕನ ಪರಿಚಯವಾಯಿತು. ಆಕೆ ಬೌದ್ಧ ಪುಸ್ತಕ ಓದಿಕೊಂಡವರು. ವಾರಕ್ಕೊಮ್ಮೆ ಏಳೆಂಟು ಹೆಂಗಸರನ್ನು ಕೂರಿಸಿಕೊಂಡು ಧ್ಯಾನ ಮಾಡಿಸುತ್ತಾರೆ. ಒಂದು ದಿನ ಎಲ್ಲರ ಮುಂದೆ ಇವರ ಮೊಣಕೈ ನೋಡಿ ಹೇಳಿದರಂತೆ: "ಸಿಟ್ಟು ಮಾಡಿದವರು ಕುರೂಪಿಗಳಾಗುತ್ತಾರೆ, ಜೀವಹಿಂಸೆ ಮಾಡಿದವರು ರೋಗಿಗಳಾಗುತ್ತಾರೆ. ಬುದ್ಧನೇ ಹೇಳಿದ್ದು. ನಿಮ್ಮ ತೋಟದಲ್ಲಿ ಬೋರರ್ ಹುಳ ಸಾಯಿಸ್ತೀರಲ್ಲ, ಅದೂ ಲೆಕ್ಕಕ್ಕೆ ಸೇರುತ್ತೆ. ಮುಲಾಮು ಹಚ್ಚಿ ಮುಚ್ಚಿಡಬೇಡ. ಅನುಭವಿಸಿ ತೀರಿಸು."

ನಾಲ್ಕು ತಿಂಗಳಿಂದ ಇವರು ಮುಲಾಮು ನಿಲ್ಲಿಸಿದ್ದಾರೆ.

ಆದರೆ ಕಾಗದದ ಮುಕ್ಕಾಲು ಭಾಗ ಅತ್ತೆಯ ಮೇಲಿನ ದೂರು. ಅತ್ತೆ ದಿನಾ ಗದರುತ್ತಾರೆ. ಆ ಗುಂಪಿಗೆ ಹೋಗಬೇಡ, ಡಾಕ್ಟರ ಹತ್ತಿರ ಹೋಗು ಅಂತ ತಲೆ ತಿನ್ನುತ್ತಾರೆ. ಎರಡು ತಿಂಗಳಿಂದ ಹಸುವಿನ ಹತ್ತಿರ ಬಿಡುತ್ತಿಲ್ಲ, ಹಾಲು ಅವರೇ ಕರೆಯುತ್ತಾರೆ. "ನನ್ನ ಮೈ ನೋಡಿ ಅವರಿಗೆ ಅಸಹ್ಯ ಇರಬೇಕು. ಇದನ್ನೆಲ್ಲ ಸಿಟ್ಟಿಲ್ಲದೆ ಹೇಗೆ ಸಹಿಸಿಕೊಳ್ಳಲಿ? ಸಿಟ್ಟು ಬಂದರೆ ಮುಂದಿನ ಜನ್ಮಕ್ಕೂ ಇದೇ ಚರ್ಮ ಅಲ್ವಾ?" ಅಂತ ಕೇಳಿದ್ದಾರೆ.

ನೋಡಿ ತಂಗಿ, ನೀವು ಎರಡನೇ ಪುಟದ ಅಂಚಿನಲ್ಲಿ ಒಂದು ಸಾಲು ಬರೆದಿದ್ದೀರಿ. ಅಕ್ಷರ ಚೆನ್ನಾಗಿಲ್ಲ ಅಂತ ಕ್ಷಮೆ ಕೇಳುವುದಕ್ಕೆ ಬರೆದದ್ದು ಅದು. "ಬೆಳಿಗ್ಗೆ ಬೆರಳು ಬಿಗಿದುಕೊಂಡಿರುತ್ತೆ, ಪೆನ್ ಹಿಡಿಯಕ್ಕಾಗಲ್ಲ, ಹತ್ತು ಗಂಟೆ ಮೇಲೆ ಸರಿಹೋಗುತ್ತೆ, ಅದಕ್ಕೇ ಮಧ್ಯಾಹ್ನ ಬರೀತಿದ್ದೀನಿ. ಚಳಿಗೆ ಇರಬೇಕು." ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಅತ್ತೆ ಬಂದರು.

ನನಗೆ ಹೆದರಿಕೆಯಾದದ್ದು ಆ ಸಾಲಿಗೆ.

ನನ್ನ ದೊಡ್ಡಮ್ಮ ಸೋಮವಾರಪೇಟೆಯಲ್ಲಿದ್ದರು. ಅವರಿಗೂ ಇದೇ ಕಾಯಿಲೆ. ಮದುವೆ ಮನೆಗಳಲ್ಲಿ ಅವರ ಪಕ್ಕದ ಎಲೆಗೆ ಯಾರೂ ಕೂರುತ್ತಿರಲಿಲ್ಲ. ಪೂರ್ವಜನ್ಮದ ಪಾಪ ಅಂತ ಊರು ಹೇಳಿತು, ಅವರೂ ನಂಬಿದರು. ಬೆಳಿಗ್ಗೆ ಕಾಫಿ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿಯುತ್ತಿದ್ದರು. ಬಿಸಿ ಕಾಯಿಸಿಕೊಳ್ಳುತ್ತಿದ್ದಾರೆ ಅಂತ ನಾನು ತಿಳಿದಿದ್ದೆ. ಒಂದು ಸಲ ಬ್ಲೌಸಿನ ಕೊಕ್ಕೆ ಹಾಕಿಕೊಡು ಅಂತ ನನ್ನನ್ನು ಒಳಗೆ ಕರೆದರು. ಆಗ ನೋಡಿದೆ. ಬೆರಳುಗಳು ಒಣಗಿದ ಶುಂಠಿ ಬೇರಿನ ಹಾಗೆ ಸೊಟ್ಟಗಾಗಿದ್ದವು. ಆಮೇಲೆ ಡಾಕ್ಟರಿಗೆ ತೋರಿಸಿದೆವು. ಬೇಗ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಅಂದರು. ದೊಡ್ಡಮ್ಮ ಅದಕ್ಕೂ ತಲೆ ಆಡಿಸಿ "ನನ್ನ ಹಣೆಬರಹ" ಅಂದರು.

ಸೋರಿಯಾಸಿಸ್ ಬರೀ ಚರ್ಮದ ಕಾಯಿಲೆ ಅಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಚರ್ಮವನ್ನು ಅವಸರಪಡಿಸುತ್ತದೆ. ಸಾಮಾನ್ಯವಾಗಿ ಸುಮಾರು ಒಂದು ತಿಂಗಳಲ್ಲಿ ಆಗುವ ಚರ್ಮದ ಬೆಳವಣಿಗೆ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ. ಅದೇ ಪದರ ಪದರವಾಗಿ, ಬೆಳ್ಳಗಿನ ಹೊಟ್ಟಿನ ಹಾಗೆ ಉದುರುವುದು. ಇದು ಅಂಟುರೋಗ ಅಲ್ಲ. ಮನೆತನದಲ್ಲಿ ಬರಬಹುದು. ಗಂಟಲಿನ ಸೋಂಕು, ಮನಸ್ಸಿನ ಒತ್ತಡ, ಚಳಿಗಾಲದ ಒಣಗಾಳಿ ಇದನ್ನು ಕೆರಳಿಸುತ್ತವೆ. ಈ ಕಾಯಿಲೆ ಇರುವವರಲ್ಲಿ ನೂರಕ್ಕೆ ಮೂವತ್ತರವರೆಗೆ ಜನರಿಗೆ ಅದು ಕೀಲುಗಳಿಗೂ ಹತ್ತುತ್ತದೆ. ಚರ್ಮದಲ್ಲಿ ಕಂಡು ಎಷ್ಟೋ ವರ್ಷ ಕಳೆದ ಮೇಲೆ ಬರುವುದೇ ಜಾಸ್ತಿ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೀಲು ಬಿಗಿಯುವುದು, ಬೆರಳು ಇಡೀ ಊದುವುದು, ಉಗುರಿನ ಮೇಲೆ ಸೂಜಿ ಚುಚ್ಚಿದ ಹಾಗೆ ಗುಳಿ ಬೀಳುವುದು, ಇವು ಅದರ ಗುರುತುಗಳು. ಬೇಗ ಔಷಧಿ ಶುರು ಮಾಡಿದರೆ ಕೀಲು ಉಳಿಯುತ್ತದೆ. ತಡ ಮಾಡಿ ಕೀಲು ಕೆಟ್ಟರೆ ಆ ಹಾನಿ ಹಿಂದಕ್ಕೆ ಬರುವುದಿಲ್ಲ. ನಾನು ಡಾಕ್ಟರಲ್ಲ, ನಿಮಗೆ ಅದೇ ಬಂದಿದೆ ಅಂತ ಹೇಳಲಾರೆ. ತೋರಿಸಲೇಬೇಕು ಅಂತ ಮಾತ್ರ ಹೇಳಬಲ್ಲೆ.

ಈಗ ಆ ಅಕ್ಕನ ಮಾತಿಗೆ ಬರುತ್ತೇನೆ. ಆಕೆ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಕಾಯಿಲೆಯವರ ಹತ್ತಿರ ಅರ್ಧ ಹೇಳುವುದನ್ನು ನನಗೆ ಕ್ಷಮಿಸಲು ಆಗುವುದಿಲ್ಲ.

ಶ್ರಾವಸ್ತಿಯ ಜೇತವನದಲ್ಲಿ ಶುಭ ಅನ್ನುವ ಬ್ರಾಹ್ಮಣ ಯುವಕ ಬುದ್ಧನನ್ನು ಕೇಳುತ್ತಾನೆ. ಮನುಷ್ಯರಲ್ಲಿ ಕೆಲವರಿಗೆ ಆಯಸ್ಸು ಕಡಿಮೆ, ಕೆಲವರಿಗೆ ಜಾಸ್ತಿ. ಕೆಲವರು ರೋಗಿಗಳು, ಕೆಲವರು ಗಟ್ಟಿಮುಟ್ಟು. ಕೆಲವರು ನೋಡಲು ಚೆನ್ನಾಗಿಲ್ಲ, ಕೆಲವರು ಚೆಂದ. ಯಾಕೆ? ಬುದ್ಧನ ಮಾತುಗಳ ಹಳೆಯ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ, ಚೂಳಕಮ್ಮವಿಭಂಗ ಸುತ್ತ ಅನ್ನುವ ಉಪದೇಶದಲ್ಲಿ ಇದಿದೆ. ಉತ್ತರವೂ ಅಕ್ಕ ಹೇಳಿದಂತೆಯೇ ಇದೆ. ಕೈಯಿಂದ, ಕೋಲಿನಿಂದ ಜೀವಿಗಳನ್ನು ಹಿಂಸಿಸುವವರು ಮುಂದೆ ಮನುಷ್ಯರಾಗಿ ಹುಟ್ಟಿದರೆ ರೋಗಿಗಳಾಗುತ್ತಾರೆ, ಸಣ್ಣ ಮಾತಿಗೂ ಕೆರಳುವವರು ಕುರೂಪಿಗಳಾಗುತ್ತಾರೆ ಅಂತ. ಇವತ್ತು ಕೈಯೆತ್ತುವ ಮುಂಚೆ, ಬಾಯಿ ಬಿಡುವ ಮುಂಚೆ ಯೋಚಿಸು ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ಇನ್ನೊಬ್ಬಳ ಮೊಣಕೈ ನೋಡಿ ಹಿಂದಿನ ಜನ್ಮದ ಪಾಪ ಎಣಿಸುವುದಕ್ಕೆ ಅದನ್ನು ಬಳಸಬಾರದು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ನಿಜ. ಅಂಗಳ ಒದ್ದೆಯಾಗಿದ್ದರೆ ಮಳೆಯೇ ಬಂದಿರಬೇಕು ಅಂತಿಲ್ಲ. ನಮ್ಮ ಕಡೆ ಮಂಜಿಗೂ ಒದ್ದೆಯಾಗುತ್ತದೆ.

ಈ ಮಾತನ್ನು ಬುದ್ಧನೇ ಬಿಡಿಸಿ ಹೇಳಿದ್ದಾನೆ. ರಾಜಗೃಹದ ವೇಳುವನದಲ್ಲಿ ಮೋಳಿಯಸೀವಕ ಅನ್ನುವ ಪರಿವ್ರಾಜಕ ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಅಂಥದೇ ಇನ್ನೊಂದು ಸಂಗ್ರಹವಾದ ಸಂಯುಕ್ತ ನಿಕಾಯದಲ್ಲಿರುವ ಉತ್ತರದಲ್ಲಿ ಎಂಟು ಕಾರಣಗಳಿವೆ. ಪಿತ್ತ, ಕಫ, ವಾತ, ಮೂರೂ ಸೇರಿದ ಸನ್ನಿಪಾತ, ಋತು ಬದಲಾಗುವುದು, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಎಂಟನೆಯದಾಗಿ ಕರ್ಮದ ಫಲ. ಎಲ್ಲವೂ ಹಿಂದಿನ ಕರ್ಮವೇ ಅನ್ನುವವರು ತಾವೇ ಕಂಡು ತಿಳಿದದ್ದನ್ನೂ ಮೀರುತ್ತಾರೆ, ಲೋಕ ಒಪ್ಪಿದ್ದನ್ನೂ ಮೀರುತ್ತಾರೆ, ಅವರ ಮಾತು ತಪ್ಪು, ಅಂತ ಬುದ್ಧ ನೇರವಾಗಿ ಹೇಳುತ್ತಾನೆ. ಬುದ್ಧ ಹೋಗಿ ಎಷ್ಟೋ ಕಾಲದ ಮೇಲೆ ನಾಗಸೇನ ಭಿಕ್ಷು ರಾಜ ಮಿಲಿಂದನಿಗೆ ಇದೇ ಎಂಟನ್ನು ಎಣಿಸಿ, ಕರ್ಮದಿಂದ ಆಗುವುದು ಸ್ವಲ್ಪ, ಮಿಕ್ಕದ್ದರಿಂದ ಆಗುವುದೇ ಜಾಸ್ತಿ ಅನ್ನುತ್ತಾನೆ.

ಋತು ಬದಲಾಗುವುದು, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು. ತಂಗಿ, ಇವೆರಡನ್ನು ಇನ್ನೊಮ್ಮೆ ಓದಿ. ಡಿಸೆಂಬರ್ ಚಳಿಯಲ್ಲಿ ಮುಲಾಮು ಬಿಟ್ಟು ಕೂತವರು ನೀವು.

ಅನುಭವಿಸಿ ತೀರಿಸು ಅನ್ನುವುದಂತೂ ಬುದ್ಧನ ಮಾತೇ ಅಲ್ಲ. ನೋವು ತಿಂದು ಹಳೆಯ ಕರ್ಮ ಸವೆಸುತ್ತೇವೆ ಅನ್ನುತ್ತಿದ್ದ ತಪಸ್ವಿಗಳು ಆಗ ಇದ್ದರು. ಎಷ್ಟು ಸವೆದಿದೆ, ಎಷ್ಟು ಉಳಿದಿದೆ, ನಿಮಗೆ ಗೊತ್ತಾ ಅಂತ ಬುದ್ಧ ಅವರನ್ನು ಕೇಳಿದ. ಗೊತ್ತಿಲ್ಲ ಅಂದರು. ದೇವದಹ ಸುತ್ತದಲ್ಲಿದೆ. ಬುದ್ಧನಿಗೂ ಬೆನ್ನುನೋವು ಬರುತ್ತಿತ್ತು. ಪಾದಕ್ಕೆ ಕಲ್ಲಿನ ಚೂರು ತಗುಲಿ ಗಾಯವಾಗಿತ್ತು. ಅದಕ್ಕೂ ಹಿಂದಿನ ಜನ್ಮದ ಕಾರಣ ಕೊಡುವ ಕತೆಗಳು ಬೌದ್ಧರಲ್ಲೇ ಇವೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ವೈದ್ಯ ಜೀವಕ ಬಂದಾಗ ಬುದ್ಧ ಔಷಧಿ ಬೇಡ ಅನ್ನಲಿಲ್ಲ.

ಬೋರರ್ ವಿಷಯ. ಹುಳ ಕೊಲ್ಲುವುದು ಏನೂ ಅಲ್ಲ ಅಂತ ನಾನು ಹೇಳುವುದಿಲ್ಲ. ಕಾಂಡ ಕೊರೆಯುವ ಬೋರರ್ ಹೊಡೆದ ಅರೇಬಿಕಾ ಕಾಫಿ ಗಿಡ ಕಿತ್ತು ಸುಡುವಾಗ ನಿಮಗೆ ಅಯ್ಯೋ ಅನ್ನಿಸಿದರೆ ಅದು ಒಳ್ಳೆಯ ಮನಸ್ಸು. ಆದರೆ ನಿಮಗೆ ಕಾಯಿಲೆ ಬಂದದ್ದು 19ಕ್ಕೆ, ತೋಟಕ್ಕೆ ಕಾಲಿಟ್ಟದ್ದು 26ಕ್ಕೆ. ಹಾಗಾದರೆ ಹಿಂದಿನ ಜನ್ಮದ್ದು ಅಂತ ಅಕ್ಕ ಹೇಳಬಹುದು. ಯಾವ ಕರ್ಮಕ್ಕೆ ಯಾವ ಫಲ ಅಂತ ಲೆಕ್ಕ ಹಾಕಲು ಹೋಗಬೇಡಿ, ಹೋದರೆ ಹುಚ್ಚು ಹಿಡಿಯುತ್ತದೆ ಅಂತಲೂ ಬುದ್ಧ ಹೇಳಿದ್ದಾನೆ. ಯೋಚನೆಗೆ ನಿಲುಕದ ನಾಲ್ಕು ಸಂಗತಿಗಳಲ್ಲಿ ಕರ್ಮಫಲವೂ ಒಂದು ಅಂತ ಅಂಗುತ್ತರ ನಿಕಾಯದಲ್ಲಿದೆ. ಅಕ್ಕ ಇದನ್ನೂ ಓದಿರಬೇಕಲ್ಲ?

ರೂಪದ ಮಾತಿಗೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಲಕುಂಟಕ ಭದ್ದಿಯ ಅನ್ನುವ ಭಿಕ್ಷು ಕುಳ್ಳ, ನೋಡಲು ಚೆನ್ನಾಗಿರಲಿಲ್ಲ. ಬೇರೆ ಭಿಕ್ಷುಗಳು ಅವನನ್ನು ಕೀಳಾಗಿ ಕಾಣುತ್ತಿದ್ದರು. ಅವರ ಹಿಂದೆ ಹಿಂದೆ ಅವನು ಬರುವುದನ್ನು ತೋರಿಸಿ ಬುದ್ಧ ಹೇಳಿದ್ದು, ಇವನು ದೊಡ್ಡ ಸಾಧಕ ಅಂತ. ಯಾವ ಕರ್ಮಕ್ಕೆ ಹೀಗಾದ ಅನ್ನುವ ಮಾತು ಅಲ್ಲಿ ಇಲ್ಲ.

ಈ ಅಂಕಣ ಓದುವವರಿಗೆ ನನ್ನ ಹಳೇ ಮಾತು ಗೊತ್ತು. ಕಾಯಿಲೆ ಬಂದಾಗ ಯಾಕೆ ಬಂತು ಅಂತ ಕೇಳುವವರು ಒಂದು ಥರ, ನೀರು ಕಾಯಿಸಿ ಕೊಡುವವರು ಇನ್ನೊಂದು ಥರ. ನನಗೆ ಈ ಎರಡನೆಯವರು ಬೇಕು. ಭಿಕ್ಷುಗಳ ನಡವಳಿಕೆಯ ನಿಯಮಗಳಿರುವ ವಿನಯ ಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ದೊಡ್ಡಮ್ಮನ ನೆನಪು. ಒಬ್ಬ ಭಿಕ್ಷುವಿಗೆ ಹೊಟ್ಟೆ ಕೆಟ್ಟು ಭೇದಿ. ತನ್ನ ಮಲಮೂತ್ರದಲ್ಲೇ ಬಿದ್ದಿದ್ದಾನೆ. ಬುದ್ಧ ಮತ್ತು ಅವನ ಶಿಷ್ಯ ಆನಂದ ಆ ಕಡೆ ಬರುತ್ತಾರೆ. ನೋಡಿಕೊಳ್ಳುವವರು ಇದ್ದಾರಾ ಅಂತ ಬುದ್ಧ ಕೇಳುತ್ತಾನೆ. ಇಲ್ಲ. ಯಾಕೆ? ನಾನು ಯಾರಿಗೂ ಏನೂ ಮಾಡಿಲ್ಲ, ಅದಕ್ಕೆ. ಆನಂದ, ನೀರು ತಾ. ಬುದ್ಧ ನೀರು ಹೊಯ್ದ, ಆನಂದ ಮೈ ತೊಳೆದ. ತಲೆ ಕಡೆ ಬುದ್ಧ ಹಿಡಿದ, ಕಾಲ ಕಡೆ ಆನಂದ ಹಿಡಿದ. ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಉಳಿದ ಭಿಕ್ಷುಗಳನ್ನು ಕರೆದು ಬುದ್ಧ ಕೇಳಿದ: ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡದಿದ್ದರೆ ಇನ್ಯಾರು ನೋಡುತ್ತಾರೆ? ನನ್ನ ಸೇವೆ ಮಾಡಬೇಕು ಅನ್ನುವವರು ರೋಗಿಯ ಸೇವೆ ಮಾಡಿ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಕಾಗದದಲ್ಲಿ ಅತ್ತೆ ಕೆಟ್ಟವರು. ನನಗೆ ಹಾಗೆ ಕಾಣಿಸುತ್ತಿಲ್ಲ. ಎರಡು ತಿಂಗಳಿಂದ ಹಾಲು ಕರೆಯಲು ಬಿಡುತ್ತಿಲ್ಲ ಅಂದಿದ್ದೀರಿ. ಹಾಲು ಕರೆಯುವುದು ಬೆಳಗಿನ ಹೊತ್ತು. ಬೆರಳು ಬಿಗಿಯುವುದೂ ಬೆಳಗಿನ ಹೊತ್ತು. ಮೊಲೆ ಹಿಂಡಲು ಬೆರಳಿಗೆ ಎಷ್ಟು ಬಲ ಬೇಕು ಅಂತ ದಿನಾ ಕರೆಯುವವರಿಗೆ ಗೊತ್ತು. ಅವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಿಮ್ಮ ಕೈ ನೋಡಿದ್ದಾರೆ, ನೋಡಿ ಚೊಂಬು ಕಿತ್ತುಕೊಂಡಿದ್ದಾರೆ ಅಂತ ನನ್ನ ಊಹೆ. ಬಾಯಿ ಜೋರಿರಬಹುದು, ಪ್ರೀತಿಯಿಂದ ಹೇಳಲು ಬರದೇ ಇರಬಹುದು. ತಪ್ಪಿದ್ದರೆ ನನಗೆ ಬರೆಯಿರಿ, ಒಪ್ಪಿಕೊಳ್ಳುತ್ತೇನೆ. ಆದರೆ ಅಸಹ್ಯಪಡುವವರು "ಬಚ್ಚಲಲ್ಲಿ ಬಿಸಿನೀರಿದೆ, ಮೊದಲು ಕೈ ಅದ್ದು" ಅಂತ ಗದರುವುದಿಲ್ಲ. ಇದನ್ನು ನೀವೇ ಬರೆದಿದ್ದೀರಿ, ದೂರಿನ ಪಟ್ಟಿಯಲ್ಲಿ.

ನಿಮ್ಮ ಗಂಡ ಏನೂ ಹೇಳುವುದಿಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಅವರ ಮೇಲೆ ನನಗೆ ಬೇಸರವಿದೆ. ನಾಲ್ಕು ತಿಂಗಳು ಹೆಂಡತಿ ಔಷಧಿ ಬಿಟ್ಟದ್ದು ಕಂಡೂ ಸುಮ್ನೆ ಇರುವುದು ಸರಿಯಲ್ಲ. ಅವರಿಗೂ ಈ ಅಂಕಣ ಓದಿಸಿ.

ಬೈಲುಕುಪ್ಪೆಗೆ ಹೋಗುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಕುಶಾಲನಗರದ ಸೇತುವೆ ದಾಟಿ ಹೋಗಿ ಟಿಬೆಟಿನವರ ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇವಸ್ಥಾನದಲ್ಲಿ ಕೂತು ಅತ್ತದ್ದನ್ನೂ ಕಾಗದದಲ್ಲಿ ಬರೆದಿದ್ದೀರಿ. ಅಲ್ಲಿರುವ ಮೂರು ದೊಡ್ಡ ವಿಗ್ರಹಗಳಲ್ಲಿ ಒಂದು ಅಮಿತಾಯುಸ್, ದೀರ್ಘಾಯುಸ್ಸಿನ ಬುದ್ಧ. ಟಿಬೆಟಿನವರಲ್ಲಿ ನೀಲಿ ಮೈಯ ವೈದ್ಯ ಬುದ್ಧನೂ ಇದ್ದಾನೆ. ಅವರ ವೈದ್ಯಶಾಸ್ತ್ರ ಅವನಿಂದಲೇ ಬಂತು ಅಂತ ನಂಬಿಕೆ. ಕರ್ಮವನ್ನು ಅಷ್ಟು ನಂಬುವ ಜನ ನಾಡಿ ನೋಡಿ ಮಾತ್ರೆ ಕೊಡುವ ವೈದ್ಯರನ್ನೂ ಸಾಕಿಕೊಂಡು ಬಂದಿದ್ದಾರೆ. ಧ್ಯಾನದ ಗುಂಪಿಗೆ ಮಾತ್ರ ಸದ್ಯಕ್ಕೆ ಹೋಗಬೇಡಿ.

ಮಾಡಬೇಕಾದದ್ದು ಒಂದೇ. ಈ ಸೋಮವಾರ ಮಡಿಕೇರಿ ಬಸ್ಸು ಹತ್ತಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರನ್ನು ನೋಡಿ. ಮೊಣಕೈ ತೋರಿಸುವ ಮುಂಚೆ ಬೆರಳು ತೋರಿಸಿ, ಉಗುರು ತೋರಿಸಿ. ಬೆಳಿಗ್ಗೆ ಎಷ್ಟು ಹೊತ್ತು ಬಿಗಿದಿರುತ್ತದೆ ಅಂತ ಗಡಿಯಾರ ನೋಡಿಕೊಂಡು ಹೇಳಿ. ನಾಲ್ಕು ತಿಂಗಳು ಮುಲಾಮು ಬಿಟ್ಟದ್ದನ್ನು ಮುಚ್ಚಿಡಬೇಡಿ. ಕೀಲಿನ ತಜ್ಞರಿಗೆ ತೋರಿಸಲು ಮೈಸೂರಿಗೆ ಹೋಗಿ ಅಂದರೆ ಹೋಗಿ.

ಜೊತೆಗೆ ಅತ್ತೆಯನ್ನು ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ತಿರುವುಗಳಿಗೆ ಅವರಿಗೆ ವಾಂತಿ ಬರುತ್ತದೆ ಅಂತ ಬರೆದಿದ್ದೀರಿ. ಕಿಟಕಿ ಪಕ್ಕ ಕೂರಿಸಿ, ಕೈಯಲ್ಲಿ ಒಂದು ಕಿತ್ತಳೆ ಹಣ್ಣು ಕೊಡಿ.