ಕೊರೆಯದ ಜಾಗದ ಬಗ್ಗೆ ಬರೆಯುವಾಗ

ಪ್ರಿಯ ಗೆಳೆಯರೇ,

ಕೊರೆದ ಕೆಲವೇ ಬೋರ್‌ಗಳಿಂದ ಕೊರೆಯದ ಜಾಗದ ನೀರನ್ನು ಲೆಕ್ಕದಿಂದ ಅಂದಾಜು ಮಾಡುವ ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಎರಡು ಪುಟ ಬರೀ 'ಯಾದೃಚ್ಛಿಕ ಕ್ಷೇತ್ರ', 'ಸಹಪ್ರಸರಣ'. ಹತ್ತಿರದ ಜಾಗಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ, ದೂರ ಹೋದಷ್ಟೂ ನಂಟು ಕಡಿಮೆ ಅಂತ ಬರೆದರೆ ಸಾಕಿತ್ತು, ಅಲ್ವಾ? ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ನಿಮ್ಮ ಅಪ್ಪ ನಾಲ್ಕನೇ ಬೋರ್ ಕೊರೆಸಲೋ ಬೇಡವೋ ಅಂತ ನಿಂತಿರುವಲ್ಲಿ. ಅದನ್ನು ಮೇಲಕ್ಕೆ ತನ್ನಿ. ಒಂದೊಂದು ಉತ್ತರಕ್ಕೂ ದುಡ್ಡು ಸುರಿಯಬೇಕು ಅಂದರೆ ಏನು ಅಂತ ಅಡಿ ಲೆಕ್ಕದಲ್ಲಿ ಬಿಲ್ ಕಟ್ಟಿದ ನಮ್ಮ ಜನಕ್ಕೆ ವಿವರಿಸಬೇಕಿಲ್ಲ. ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗಿ. ಚಿನ್ನದ ಗಣಿಯಲ್ಲಿ ಕೆಲವೇ ಕಡೆ ತೆಗೆದ ಮಾದರಿಗಳಿಂದ ಉಳಿದ ಜಾಗದ ಅದಿರನ್ನು ಅಂದಾಜು ಮಾಡುವ ಬಗ್ಗೆ ಡ್ಯಾನಿ ಕ್ರಿಗ್ 1951ರಲ್ಲಿ ಬರೆದರು, ಮುಂದೆ ಫ್ರಾನ್ಸಿನ ಜಾರ್ಜ್ ಮಾತೆರಾನ್ ಅದಕ್ಕೆ ಗಟ್ಟಿ ಗಣಿತ ಕೊಟ್ಟು ಕ್ರಿಗ್ ಹೆಸರಲ್ಲೇ ಕ್ರಿಗಿಂಗ್ ಅಂದರು.

ಈಗ ತಪ್ಪಿನ ವಿಷಯ. 'ಒಂದು ಬೋರಿನಲ್ಲಿ ಮೂರು ಇಂಚು ನೀರು, ಪಕ್ಕದಲ್ಲೇ ಸೊನ್ನೆ ಬಂದರೆ ಮಾಡೆಲ್ ತಾನಾಗಿಯೇ ಅನುಮಾನ ಜಾಸ್ತಿ ತೋರಿಸುತ್ತದೆ' ಅಂತ ಬರೆದಿದ್ದೀರಿ. ಇಲ್ಲ. ಗಾಸಿಯನ್ ಪ್ರೋಸೆಸ್‌ನಲ್ಲಿ, ಅಂದರೆ ಕ್ರಿಗಿಂಗ್ ಹಿಂದಿರುವ ಸಂಭವನೀಯತೆಯ ಮಾಡೆಲ್‌ನಲ್ಲಿ, ನಂಟು ಎಷ್ಟು ದೂರ, ಏರಿಳಿತ ಎಷ್ಟು ಅನ್ನುವುದನ್ನು ಮೊದಲೇ ಗೊತ್ತುಮಾಡಿಬಿಟ್ಟರೆ, ಅನುಮಾನದ ಅಗಲ (ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವುದು) ನೀವು ಎಲ್ಲೆಲ್ಲಿ ಕೊರೆದಿರಿ ಅನ್ನುವುದನ್ನಷ್ಟೇ ನೋಡುತ್ತದೆ, ಏನು ಸಿಕ್ಕಿತು ಅನ್ನುವುದನ್ನು ನೋಡುವುದೇ ಇಲ್ಲ. ಮೂರೂ ಬೋರ್ ಉಕ್ಕಿದರೂ ಅದೇ ಅಗಲ, ಮೂರೂ ಫೇಲ್ ಆದರೂ ಅದೇ ಅಗಲ. ಸಿಕ್ಕ ನೀರಿಗೂ ಲೆಕ್ಕದಲ್ಲಿ ಜಾಗ ಬೇಕಾದರೆ ಆ ದೂರವನ್ನೂ ಏರಿಳಿತವನ್ನೂ ಡೇಟಾದಿಂದಲೇ ಕಲಿಯಬೇಕು, ಮೂರೇ ಬೋರಿನಿಂದ ಅದು ಸರಿಯಾಗಿ ಗೊತ್ತಾಗುವುದಿಲ್ಲವಾದ್ದರಿಂದ ಒಂದೇ ಅಂಕಿಗೆ ಅಂಟಿಕೊಳ್ಳದೆ ಸಾಧ್ಯವಿರುವ ಎಲ್ಲ ಅಂಕಿಗಳನ್ನೂ ಯಾವುದು ಎಷ್ಟು ಸಂಭವ ಅನ್ನುವ ತೂಕಕ್ಕೆ ತಕ್ಕಂತೆ ಸೇರಿಸಿ ಸರಾಸರಿ ತೆಗೆಯಬೇಕು. ಬೇಸಿಯನ್ (ಡೇಟಾ ಬಂದ ಹಾಗೆ ನಂಬಿಕೆಯ ತೂಕ ತಿದ್ದಿಕೊಳ್ಳುವ ಲೆಕ್ಕ) ಅನ್ನುವ ಮಾತಿಗೆ ಬಲ ಬರುವುದು ಅಲ್ಲೇ. ನೀವು ಅದಕ್ಕೆ ಕೊಟ್ಟಿರುವುದು ಒಂದು ಸಾಲು.

ಚಿತ್ರದುರ್ಗದ ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ, ಹತ್ತು ಮಾರು ಆಚೆ ಕೊರೆದರೆ ಬರೀ ಧೂಳು ಏಳಬಹುದು. ಅಂಥ ನೆಲಕ್ಕೆ ನೀರು ನಯವಾಗಿ ಏರಿಳಿಯುತ್ತದೆ ಅಂದುಕೊಳ್ಳುವ ಕರ್ನಲ್ (ದೂರಕ್ಕೆ ತಕ್ಕಂತೆ ನಂಟು ಎಷ್ಟು ಅಂತ ಹೇಳುವ ಸೂತ್ರ) ಹಾಕಿದರೆ ಮಾಡೆಲ್ ಧೈರ್ಯವಾಗಿಯೇ ತಪ್ಪು ಹೇಳುತ್ತದೆ. ಅದನ್ನು ನಂಬಿ ಸಾಲ ಮಾಡುವವರು ನಿಮ್ಮ ಓದುಗರು, ದಯವಿಟ್ಟು ಇದನ್ನು ಬಿಡಿಸಿ ಬರೆಯಿರಿ.

ಕಂಪ್ಯೂಟರ್ ಸಿಮ್ಯುಲೇಷನ್ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ಆದರೆ ಅಪ್ಪ ಕೊನೆಗೆ ನಾಲ್ಕನೆಯದು ಕೊರೆಸಿದರಾ, ಇಲ್ಲವಾ? ನೀವು ಹೇಳಿಯೇ ಇಲ್ಲ.