ಮಂಡಿಯ ಸರ್ವರ್‌ಗೆ ಸ್ವಾಪ್ ಹಾಕಿದರೆ ಸಾಕೇ?

ಪ್ರಶ್ನೆ: ನಮ್ಮ ಅಡಿಕೆ ಮಂಡಿಯ ಲಿನಕ್ಸ್ ಸರ್ವರ್‌ನಲ್ಲಿ 4 ಜಿಬಿ ರ‍್ಯಾಮ್ ಇದೆ, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಲ್ಲ. ಸುಗ್ಗಿಯ ದಿನಗಳಲ್ಲಿ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ ತಾನಾಗಿ ನಿಂತುಬಿಡುತ್ತದೆ. ಸ್ವಾಪ್ ಹಾಕಿದರೆ ಸರಿಹೋಗುತ್ತದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್ (ದಾಖಲೆ) ನೋಡಿ. ‘ಔಟ್ ಆಫ್ ಮೆಮೊರಿ’ ಎಂಬ ಸಾಲಿದ್ದರೆ, ಮೆಮೊರಿ ಮುಗಿದಾಗ ಕರ್ನಲ್ಲೇ ಮೈಎಸ್‌ಕ್ಯೂಎಲ್ ಅನ್ನು ನಿಲ್ಲಿಸಿದೆ ಎಂದರ್ಥ. ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದದ್ದೇ ಬಲಿಯಾಗುತ್ತದೆ.

ಸ್ವಾಪ್ ಹಾಕಲು ‘ಡಿಡಿ’ ಕಮಾಂಡ್‌ನಿಂದ 2 ಜಿಬಿ ಕಡತ ಮಾಡಿ, ಅನುಮತಿ 600 (ಕಡತದ ಒಡೆಯ ಮಾತ್ರ ಓದಿ ಬರೆಯಬಲ್ಲ) ಕೊಡಿ. ಇಲ್ಲವಾದರೆ ಮೆಮೊರಿಯಲ್ಲಿದ್ದ ಗುಟ್ಟಿನ ಮಾಹಿತಿಯನ್ನು ಬೇರೆ ಬಳಕೆದಾರರೂ ಓದಬಹುದು. ಆಮೇಲೆ ‘ಎಂಕೆಸ್ವಾಪ್’ನಿಂದ ಅದನ್ನು ಸ್ವಾಪ್ ಆಗಿ ಸಜ್ಜುಗೊಳಿಸಿ, ‘ಸ್ವಾಪ್‌ಆನ್’ನಿಂದ ಚಾಲೂ ಮಾಡಿ. ಸರ್ವರ್ ಏಳುವಾಗ ಓದುವ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಇದರ ಸಾಲು ಸೇರಿಸದಿದ್ದರೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಸರ್ವರ್ ಮತ್ತೆ ಎದ್ದಾಗ ಸ್ವಾಪ್ ಇರುವುದಿಲ್ಲ. ಸ್ವಾಪಿನೆಸ್ (ಕರ್ನಲ್ ಎಷ್ಟು ಸುಲಭವಾಗಿ ಸ್ವಾಪ್‌ಗೆ ಕೈಹಾಕುತ್ತದೆ ಎಂಬ ಅಳತೆ) ಸಾಮಾನ್ಯವಾಗಿ 60 ಇರುತ್ತದೆ, 10ಕ್ಕೆ ಇಳಿಸಿ.

ಆದರೆ ಸ್ವಾಪ್ ಎಂದರೆ ಅಟ್ಟ, ಜಗಲಿಯಲ್ಲ. ಆಗಾಗ ಬೇಕಾಗುವ ಚೀಲವನ್ನು ಅಟ್ಟದಲ್ಲಿಟ್ಟರೆ ಹತ್ತಿಳಿಯುವುದರಲ್ಲೇ ದಿನ ಕಳೆಯುತ್ತದೆ, ಅದರಲ್ಲೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ. ಹಾಗಾಗಿ ಮೈಎಸ್‌ಕ್ಯೂಎಲ್ ಡೇಟಾವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗವಾದ ಇನ್ನೊಡಿಬಿ ಬಫರ್ ಪೂಲ್ ಅನ್ನು 1 ಜಿಬಿಗೆ ಮಿತಿಗೊಳಿಸಿ, ಸಂಪರ್ಕಗಳ ಗರಿಷ್ಠ ಸಂಖ್ಯೆಯನ್ನೂ ತಗ್ಗಿಸಿ. ಪ್ರತಿ ಸಂಪರ್ಕಕ್ಕೂ ಬೇರೆ ಮೆಮೊರಿ ಬೇಕು.

ಸ್ವಾಪ್ ತುಸು ತುಂಬಿದ್ದರೆ ಗಾಬರಿ ಬೇಡ. ವಹಿವಾಟು ಜೋರಾಗಿರುವಾಗ ಮೆಮೊರಿ ಬಳಕೆಯನ್ನು 5 ಸೆಕೆಂಡಿಗೊಮ್ಮೆ ತೋರಿಸುವ ‘ವಿಎಂಸ್ಟ್ಯಾಟ್ 5’ ಓಡಿಸಿ. ‘ಎಸ್‌ಐ’ (ಸ್ವಾಪ್‌ನಿಂದ ರ‍್ಯಾಮ್‌ಗೆ ಬಂದದ್ದು), ‘ಎಸ್‌ಒ’ (ರ‍್ಯಾಮ್‌ನಿಂದ ಸ್ವಾಪ್‌ಗೆ ಹೋದದ್ದು) ಕಾಲಮ್‌ಗಳು ಸೊನ್ನೆಗೆ ಇಳಿಯದೇ ಇದ್ದರೆ 8 ಜಿಬಿ ರ‍್ಯಾಮ್ ಹಾಕಿಸಿ.